ಮೂರು ತತ್ತಿ ಬೇಡುವ ಕೇಕ್ ಪುಸ್ತಕಕ್ಕೊಂದು ಬಹಿರಂಗ ಪತ್ರ

ಚಾಕಲೇಟ್ ಕೇಕುಗಳ ಮಹಾಗ್ರಂಥವಾದ ತಮ್ಮ ಪಾದಾರವಿಂದಗಳಿಗೆ, ಬೆಳಗಾವಿ ಜಿಲ್ಲೆ, ನಿಪ್ಪಾಣಿ ತಾಲೂಕು, ಭೋಜ ಗ್ರಾಮದ ಒಂದು ಅಡುಗೆಮನೆಯಿಂದ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಪುಸ್ತಕಕ್ಕೆ ಪಾದ ಎಲ್ಲಿಂದ ಬಂತೆಂದು ಯಾರಾದರೂ ಕೇಳಬಹುದು. ತಾವು ಕಪಾಟಿನ ತುತ್ತತುದಿಯಲ್ಲಿ, ಉಪ್ಪಿನಕಾಯಿ ಭರಣಿಗಿಂತ ಮೇಲೆ ವಿರಾಜಮಾನರಾಗಿದ್ದೀರಿ. ಕೈ ಎತ್ತಿದರೆ ನಮಗೆ ಎಟಕುವುದು ತಮ್ಮ ಕೆಳ ಅಂಚು ಮಾತ್ರ. ಅದನ್ನೇ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಕೃತಜ್ಞತೆ. ತಮ್ಮ ದಯದಿಂದ ನಮ್ಮ ಮನೆಯ ಮಕ್ಕಳಿಗೆ ಕೇಕ್ ಎಂದರೆ ಹೇಗಿರಬೇಕೆಂಬುದು ಚಿತ್ರಸಮೇತ ತಿಳಿಯಿತು. ತಮ್ಮ ಪುಟಗಳಲ್ಲಿ ಅದು ಒಡೆಯುವುದಿಲ್ಲ, ಕುಸಿಯುವುದಿಲ್ಲ, ತಳ ಹಿಡಿಯುವುದಂತೂ ಇಲ್ಲವೇ ಇಲ್ಲ. ಅಂಥ ಕೇಕನ್ನು ನೋಡಿದ ಮಕ್ಕಳು ನಾನು ಮಾಡಿದ್ದನ್ನು ನೋಡುವ ನೋಟಕ್ಕೆ ಕಾರಣರಾದ ತಮಗೆ ನಾನು ಚಿರಋಣಿ.

ಇನ್ನು ತಮ್ಮ ಅಪ್ಪಣೆಗಳ ವಿಚಾರ. ಪುಟ ತಿರುಗಿಸಿದಲ್ಲೆಲ್ಲ ‘ತತ್ತಿ ಮೂರು’ ಎಂದು ಬರೆಸಿದ್ದೀರಿ. ಒಂದು ಕಡೆ ಐದು. ತಾವು ದೂರದೇಶದವರು, ನಮ್ಮೂರಿನ ಪರಿಚಯ ಇರಲಿಕ್ಕಿಲ್ಲವೆಂದು ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ. ವೇದಗಂಗಾ, ದೂಧಗಂಗಾ ನದಿಗಳ ಸಂಗಮದ ಆಸುಪಾಸಿನ ಊರು ನಮ್ಮದು. 1872ರಲ್ಲಿ ಹುಟ್ಟಿ ಇಲ್ಲಿಯೇ ಬೆಳೆದ ಸಾತಗೌಡ ಪಾಟೀಲರು ಮುಂದೆ ಮೈಮೇಲಿನ ಬಟ್ಟೆಯನ್ನೂ ಬಿಟ್ಟು ದಿಗಂಬರ ಜೈನ ದೀಕ್ಷೆ ತೆಗೆದುಕೊಂಡು ಆಚಾರ್ಯ ಶಾಂತಿಸಾಗರ ಮಹಾರಾಜರಾದರು. 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟರು. ಅಂಥವರ ಊರಿಗೆ ತಾವು ಮೂರು ಮೂರು ತತ್ತಿ ಕೈಯಲ್ಲಿ ಹಿಡಿದು, ಹೊಳೆಯುವ ಹೊದಿಕೆ ಹೊದ್ದು ಬಂದಿರಿ. ತಮ್ಮ ಧೈರ್ಯವನ್ನು ಮೆಚ್ಚಲೇಬೇಕು. ಊರಲ್ಲಿ ತತ್ತಿ ತಿನ್ನುವ ಮನೆಗಳೂ ಇವೆ, ಅವರ ಒಲೆ ಅವರದು. ತಾವು ಬಂದು ಕೂತದ್ದು ಮಾತ್ರ ಬಸದಿಗೆ ಹೋಗಿ ಬಂದೇ ಬಾಯಿಗೆ ನೀರು ಹಾಕುವ ನಮ್ಮ ಅತ್ತಿಯವರ ಕಪಾಟಿನಲ್ಲಿ.

ತಮ್ಮ ಮಹಿಮೆ ತತ್ತಿಗೇ ಮುಗಿಯುವುದಿಲ್ಲ. ಶ್ರಾವಕರಿಗೆ, ಅಂದರೆ ಗೃಹಸ್ಥ ಜೈನರಿಗೆ, ಎಂಟು ಮೂಲಗುಣಗಳನ್ನು ಹೇಳಿದ್ದಾರೆ. ಮದ್ಯ, ಮಾಂಸ, ಮಧು ಈ ಮೂರನ್ನು ಬಿಡಬೇಕು. ಆಲ, ಅರಳಿ, ಅತ್ತಿ ಮೊದಲಾದ ಐದು ಜಾತಿಯ ಹಣ್ಣುಗಳನ್ನು ಬಿಡಬೇಕು. ಅಂಜೂರವೂ ಅದೇ ಬಳಗದ್ದೆಂದು ನಮ್ಮಲ್ಲಿ ಅದನ್ನೂ ಮುಟ್ಟುವುದಿಲ್ಲ. ಇಷ್ಟು ತಿಳಿದುಕೊಂಡು ತಮ್ಮ ‘ಹಬ್ಬದ ವಿಶೇಷ’ ಎಂಬ ಅಧ್ಯಾಯಕ್ಕೆ ಬಂದೆ. ಅಲ್ಲಿ ರಮ್ಮಿನಲ್ಲಿ ರಾತ್ರಿಯೆಲ್ಲ ನೆನೆಸಿದ ಅಂಜೂರ, ಎರಡು ದೊಡ್ಡ ಚಮಚ ಜೇನು, ತತ್ತಿ ನಾಲ್ಕು. ಎಂಟು ಮೂಲಗುಣಗಳನ್ನೂ ಒಂದೇ ತಗಡಿನಲ್ಲಿ ಹಾಕಿ 180 ಡಿಗ್ರಿಯಲ್ಲಿ ಸುಡುವ ವಿಧಾನವನ್ನು ಇಷ್ಟು ಸಂಕ್ಷೇಪವಾಗಿ ಹೇಳಿದ ಗ್ರಂಥ ಲೋಕದಲ್ಲಿ ಇನ್ನೊಂದಿರಲಾರದು. ರಮ್ಮು ಬೇಡವೆಂದವರಿಗೆ ಒಂದು ಚಮಚ ವೆನಿಲಾ ಎಕ್ಸ್‌ಟ್ರಾಕ್ಟ್ ಎಂದು ರಿಯಾಯಿತಿ ಕೊಟ್ಟಿದ್ದೀರಿ. ಅದರಲ್ಲಿ ಕನಿಷ್ಠ ಶೇ 35ರಷ್ಟು ಮದ್ಯಸಾರ ಇರಲೇಬೇಕೆಂದು ಅಮೆರಿಕದ ಕಾಯಿದೆಯೇ ಹೇಳುತ್ತದೆ. ಬಾಗಿಲಿನಿಂದ ಕಳಿಸಿದ್ದನ್ನು ಕಿಟಕಿಯಿಂದ ಒಳಗೆ ತಂದ ತಮ್ಮ ಔದಾರ್ಯಕ್ಕೆ ಏನು ಹೇಳಲಿ?

ಅತ್ತಿಯವರು ಕನ್ನಡಕ ಹಾಕಿಕೊಂಡು ತಮ್ಮ ಒಂದೆರಡು ಪುಟಗಳನ್ನು ಪಾರಾಯಣ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: “ಇದ ಹೊತ್ತ ಮುಳುಗೂದರೊಳಗ ಆಗತೈತೇನ ಯವ್ವಾ?” ಅವರು ಸೂರ್ಯಾಸ್ತದ ಮೇಲೆ ಊಟ ಮಾಡುವವರಲ್ಲ. ಈಗಿನ ಹುಟ್ಟುಹಬ್ಬಗಳೋ, ರಾತ್ರಿ ಎಂಟರ ಮೇಲೆ ಪುಗ್ಗೆ ಕಟ್ಟಿ, ದೀಪ ಆರಿಸಿ, ಮೇಣಬತ್ತಿ ಊದುವಂಥವು. ಈ ಎರಡರ ನಡುವೆ ಸಿಕ್ಕವಳು ನಾನು. ದಾರಿ ತೋರಿಸುತ್ತೀರೆಂದು ಭಕ್ತಿಯಿಂದ ತಮ್ಮನ್ನು ತೆರೆದರೆ, ‘ಕೇಕನ್ನು ರಾತ್ರಿಯಿಡೀ ಆರಲು ಬಿಡಿ, ಮರುದಿನ ರುಚಿ ಇನ್ನೂ ಹೆಚ್ಚು’ ಎಂದು ಸಲಹೆ. ನಿನ್ನೆ ಮಾಡಿದ್ದನ್ನು ಇಂದು ತಿನ್ನದವರ ಮನೆಗೆ ಇಂಥ ಸಲಹೆ! ಮಾತು ಸುಳ್ಳಲ್ಲ, ಚಾಕಲೇಟ್ ಕೇಕು ಮರುದಿನ ಹದವಾಗುತ್ತದೆ, ಪಸೆ ಒಳಗೆಲ್ಲ ಸಮನಾಗಿ ಹರಡುತ್ತದೆ. ಆದರೆ ಆ ಹದಕ್ಕೆ ಬರುವ ಹೊತ್ತಿಗೆ ಅದನ್ನು ತಿನ್ನುವ ಅರ್ಹತೆ ಅತ್ತಿಯವರಿಗೆ ಉಳಿದಿರುವುದಿಲ್ಲ.

‘ಬೆಣ್ಣೆ ಕೋಣೆಯ ಉಷ್ಣಾಂಶದಲ್ಲಿರಲಿ’ ಎಂಬ ತಮ್ಮ ವಾಕ್ಯವನ್ನು ಓದಿದಾಗಲೆಲ್ಲ ಕೈ ಮುಗಿಯುತ್ತೇನೆ. ಯಾರ ಕೋಣೆ, ಒಡೆಯರೇ? ಬೆಣ್ಣೆ ಸಕ್ಕರೆಗಳನ್ನು ನಾದಿ ಗಾಳಿ ತುಂಬಬೇಕಾದರೆ ಬೆಣ್ಣೆ 20 ಡಿಗ್ರಿಯ ಆಚೀಚೆ ಇರಬೇಕು. ಮೇ ತಿಂಗಳಲ್ಲಿ ನಮ್ಮ ತಗಡಿನ ಮಾಳಿಗೆಯ ಅಡುಗೆಮನೆಯಲ್ಲಿ ಬೆಣ್ಣೆ ಇಟ್ಟು ಹಿಟ್ಟು ಸಾಣಿಸುವುದರೊಳಗೆ ಅದು ಅರ್ಧ ತುಪ್ಪದ ದಾರಿ ಹಿಡಿದಿರುತ್ತದೆ. ಮೇಲೆ ತುರಿದು ಉದುರಿಸಿ ಎಂದಿರಲ್ಲ ಚಾಕಲೇಟು, ಅದರೊಳಗಿನ ಕೋಕೋ ಬೆಣ್ಣೆ 34 ಡಿಗ್ರಿಗೆ ಕರಗುವಂಥದು. ಉದುರಿಸುವ ಕಷ್ಟವನ್ನು ತಪ್ಪಿಸಿ ತಾನಾಗಿಯೇ ಹರಿದು ಬರುತ್ತದೆ.

ಒವನ್ನಿನ ವಿಷಯದಲ್ಲಂತೂ ತಮ್ಮ ನಂಬಿಕೆ ಅಚಲವಾದದ್ದು. ‘35 ನಿಮಿಷ ಬಾಗಿಲು ತೆರೆಯಬೇಡಿ.’ ನಾವು ತೆರೆಯುವುದಿಲ್ಲ. ಕರೆಂಟು ಹೋಗುತ್ತದೆ. ಕರೆಂಟು ಕೊಡುವ ಪುಣ್ಯವಂತರಿಗೆ ತಮ್ಮ ಆಜ್ಞೆ ಇನ್ನೂ ತಲುಪಿದಂತಿಲ್ಲ. ಹಿಟ್ಟು ಉಬ್ಬಿ ನಿಂತು, ಇನ್ನೂ ಗಟ್ಟಿಯಾಗದ ಆ ಒಂದು ಗಳಿಗೆಯನ್ನೇ ಅವರು ಹುಡುಕಿ ಹಿಡಿಯುತ್ತಾರೆ. ಒಳಗಿನ ಗಾಳಿ ತಣಿದು ಕುಗ್ಗಿದರೆ ಕೇಕಿನ ನಡು ಕೂತಂತೆಯೇ. ಈ ಪರಿಸ್ಥಿತಿಗೆ ತಮ್ಮ ‘ತೊಂದರೆಗಳು ಮತ್ತು ಪರಿಹಾರಗಳು’ ಎಂಬ ಪುಟದಲ್ಲಿ ಪರಿಹಾರವಿರಲಿ, ತೊಂದರೆಯೇ ದಾಖಲಾಗಿಲ್ಲ. ಕುಕ್ಕರಿನ ಗ್ಯಾಸ್ಕೆಟ್, ಸೀಟಿ ತೆಗೆದಿಟ್ಟು, ತಳಕ್ಕೆ ಉಪ್ಪು ಹರವಿ, ಅದರ ಮೇಲೆ ಸ್ಟ್ಯಾಂಡಿಟ್ಟು ಗ್ಯಾಸಿನ ಸಣ್ಣ ಉರಿಯಲ್ಲಿ ಕೇಕ್ ಬೇಯಿಸುವ ವಿದ್ಯೆಯನ್ನು ಕರ್ನಾಟಕದ ಹೆಂಗಸರು ತಮ್ಮ ಅನುಮತಿಯಿಲ್ಲದೆ ಕಲಿತಿದ್ದಾರೆ. ಅದಕ್ಕೂ ಹಿಂದೆ ನಮ್ಮ ಬೆಳಗಾವಿ, ಕೊಲ್ಹಾಪುರ ಭಾಗದಲ್ಲಿ ಮೈದಾ, ಸಕ್ಕರೆ, ಡಾಲ್ಡಾ ಮನೆಯಿಂದಲೇ ಒಯ್ದು ಬೇಕರಿಯ ಭಟ್ಟಿಯಲ್ಲಿ ಡಬ್ಬಿಗಟ್ಟಲೆ ನಾನಖಟಾಯಿ ಮಾಡಿಸಿಕೊಂಡು ಬರುತ್ತಿದ್ದರು. ಆಗಲೂ ಅದರಲ್ಲಿ ತತ್ತಿ ಇರಲಿಲ್ಲ. ಆಗ ತಾವು ಎಲ್ಲಿದ್ದಿರೋ.

ಒಂದು ಕಪ್ ಎಂದರೆ ಎಷ್ಟೆಂಬುದನ್ನು ಗುಟ್ಟಾಗಿಟ್ಟದ್ದಕ್ಕೂ ವಂದನೆ. ಅಮೆರಿಕದ ಕಪ್ಪು ಸುಮಾರು 237 ಮಿಲಿಲೀಟರು, ಮೆಟ್ರಿಕ್ ಕಪ್ಪು 250. ದೊಡ್ಡ ಚಮಚ ಬೇರೆ ಕಡೆ 15, ಆಸ್ಟ್ರೇಲಿಯಾದಲ್ಲಿ 20. ತಾವು ಯಾವ ದೇಶದವರೆಂದು ಗೊತ್ತಾಗದೆ ನಾವು ಚಹಾ ಕುಡಿಯುವ ಕಪ್ಪಿನಲ್ಲಿ ಅಳೆದೆವು.

ನಮ್ಮ ಮನೆಯ ಹಿತ್ತಿಲು ದಾಟಿದರೆ ಕಬ್ಬು. ಅದರಾಚೆಗೂ ಕಬ್ಬು. ಹಂಗಾಮಿನಲ್ಲಿ ಗಾಣದ ಮುಂದೆ ಹಾದುಹೋದರೆ ಕಾಯುವ ಬೆಲ್ಲದ ವಾಸನೆ ಸೆರಗಿಗೇ ಹತ್ತುತ್ತದೆ. ಇಂಥಲ್ಲಿ ಕೂತು ತಮ್ಮ ಆಜ್ಞೆಯಂತೆ ‘ಮಸ್ಕೊವಾಡೊ’ ಸಕ್ಕರೆಗಾಗಿ ನಿಪ್ಪಾಣಿಯ ಅಂಗಡಿಗಳನ್ನೆಲ್ಲ ತಿರುಗಿದೆ. ಅಂಗಡಿಯವರು ನನ್ನನ್ನು ಕಂಡು ಮರುಗಿದರು. ಕೊನೆಗೆ ತಿಳಿಯಿತು, ಅದು ಕಾಕಂಬಿ ತೆಗೆಯದ ಕಬ್ಬಿನ ಸಕ್ಕರೆ, ನಮ್ಮ ಬೆಲ್ಲದ ಪುಡಿಯ ದಾಯಾದಿ. ಡಾರ್ಕ್ ಬ್ರೌನ್ ಶುಗರ್ ಎಂಬುದು ಇನ್ನೂ ಸೊಗಸು. ಅದರಲ್ಲಿ ಬಹುಪಾಲು, ಕಾಕಂಬಿಯನ್ನೆಲ್ಲ ತೆಗೆದು ಬಿಳಿ ಮಾಡಿದ ಸಕ್ಕರೆಗೆ ಅದೇ ಕಾಕಂಬಿಯನ್ನು ಮತ್ತೆ ಬೆರೆಸಿದ್ದು. ಬೆಲ್ಲ ಹಾಕಿ ಎಂಬ ಎರಡು ಪದ ಅಚ್ಚು ಹಾಕಿಸಿದ್ದರೆ ತಮ್ಮ ಘನತೆಗೆ ಎಷ್ಟು ಕುಂದಾಗುತ್ತಿತ್ತು? ಹಾಗೆಯೇ ಬೆಲ್ಜಿಯಂ ಚಾಕಲೇಟೇ ಆಗಬೇಕೆಂದು ತಾಕೀತು ಮಾಡಿದ್ದೀರಿ. ನಮ್ಮದೇ ರಾಜ್ಯದ ಪುತ್ತೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೊ 1986ರಿಂದ ಚಾಕಲೇಟ್ ಕಾರ್ಖಾನೆ ನಡೆಸುತ್ತಿದೆ. ಅಡಿಕೆ ತೋಟದ ನೆರಳಲ್ಲಿ ಬೆಳೆದ ಕೋಕೋ ಅಲ್ಲಿಗೆ ಹೋಗುತ್ತದೆ. ಆ ಸುದ್ದಿ ಬೆಲ್ಜಿಯಂ ಮುಟ್ಟಿಲ್ಲವೇನೋ.

ಕೋಕೋ ಎಂದ ಕೂಡಲೇ ನೆನಪಾಯಿತು. ‘ಕೋಕೋ ಪುಡಿ, ಅರ್ಧ ಕಪ್’ ಎಂದಷ್ಟೇ ಹೇಳಿ ತಾವು ಮೌನ ವ್ರತ ಹಿಡಿದಿರಿ. ಸಹಜ ಕೋಕೋದಲ್ಲಿ ಹುಳಿ ಇರುತ್ತದೆ, ಅಡುಗೆ ಸೋಡಾ ಅದರ ಜತೆ ಸೇರಿ ಕೇಕನ್ನು ಎತ್ತುತ್ತದೆ. ಕ್ಷಾರ ಹಾಕಿ ಸಂಸ್ಕರಿಸಿದ, ಡಚ್ ಎನ್ನುವ ಕೋಕೋದಲ್ಲಿ ಆ ಹುಳಿ ಉಳಿದಿರುವುದಿಲ್ಲ. ಅದಕ್ಕೆ ಬರೀ ಸೋಡಾ ಹಾಕಿದರೆ ಕೇಕು ಏಳುವುದಿಲ್ಲ, ಬಾಯಿಗೆ ಸಾಬೂನು ಹತ್ತಿದಂತಾಗುತ್ತದೆ. ಒಂದು ಸಾಲಿನಲ್ಲಿ ಹೇಳಬಹುದಾದದ್ದನ್ನು ಹೇಳದೆ, ಮುಖಪುಟಕ್ಕೆ ಚಿನ್ನದ ಅಕ್ಷರ ಹಾಕಿಸಿದ ತಮ್ಮ ಸೌಂದರ್ಯಪ್ರಜ್ಞೆ ದೊಡ್ಡದು.

ಮಳೆಗಾಲದಲ್ಲಿ ಪೇಟೆಯಿಂದ ಕ್ರೀಮ್ ಚೀಸ್ ತರುವ ಕಥೆ ಬೇಡ. ಕಾರದಗಾ–ಭೋಜ ಸೇತುವೆ ನೀರೊಳಗೆ ಹೋಯಿತೆಂದರೆ ಸುತ್ತುಹಾಕಿಯೇ ಬರಬೇಕು. ಹೊಳೆ ಇಳಿಯುವ ದಿನವನ್ನು ತಮ್ಮ ಫ್ರಾಸ್ಟಿಂಗಿನ ಸಲುವಾಗಿ ಯಾರೂ ಹಿಂದೆ ಮುಂದೆ ಮಾಡುವುದಿಲ್ಲ.

ಇಷ್ಟೆಲ್ಲವನ್ನೂ ಗುರುಕಟಾಕ್ಷವೆಂದೇ ಸಹಿಸಿಕೊಂಡೆ. ಸಹಿಸಲಾಗದ್ದು ತಮ್ಮ ಕಟ್ಟಕಡೆಯ ಪುಟ. ಅಲ್ಲಿ, ಸೂಚಿಗಿಂತ ಒಂದು ಹಾಳೆ ಮುಂಚೆ, ಚಿತ್ರವೂ ಇಲ್ಲದೆ, ಸಣ್ಣಕ್ಷರದಲ್ಲಿ ‘ಕಷ್ಟಕಾಲದ ಕೇಕ್’ ಎಂದು ಒಂದನ್ನು ಮೂಲೆಗೆ ಒತ್ತಿದ್ದೀರಿ. ತತ್ತಿ ಇಲ್ಲ, ಹಾಲಿಲ್ಲ, ಬೆಣ್ಣೆ ಇಲ್ಲ. ಮೈದಾ, ಸಕ್ಕರೆ, ಕೋಕೋ, ಸೋಡಾ, ಎಣ್ಣೆ, ನೀರು, ಒಂದು ಚಮಚ ವಿನೆಗರ್. ಅಮೆರಿಕದಲ್ಲಿ ಆರ್ಥಿಕ ಕುಸಿತದ, ಯುದ್ಧದ ದಿನಗಳಲ್ಲಿ ಏನೂ ಸಿಗದವರು ಮಾಡಿಕೊಳ್ಳುತ್ತಿದ್ದದ್ದು ಎಂದು ಮರುಕದ ಟಿಪ್ಪಣಿ ಬೇರೆ. ಮಾಡಿ ನೋಡಿದೆ. ಸೋಡಾಕ್ಕೆ ಹುಳಿ ತಾಗಿ ನೊರೆಯೆದ್ದಿತು, ಕುಕ್ಕರಿನಲ್ಲಿ ಉಬ್ಬಿತು, ಕುಸಿಯಲಿಲ್ಲ. ಮೆತ್ತಗಿತ್ತು, ಕಪ್ಪಗಿತ್ತು, ಹೊತ್ತು ಮುಳುಗುವುದಕ್ಕೆ ಮುಂಚೆ ತಟ್ಟೆಗೆ ಬಂದಿತ್ತು. ಅತ್ತಿಯವರು ಎರಡನೆಯ ತುಂಡು ತಾವೇ ಕೇಳಿದರು.

ಅಂದರೆ ತಮಗೆ ಎಲ್ಲವೂ ಗೊತ್ತಿತ್ತು! ತತ್ತಿಯಿಲ್ಲದೆ ಕೇಕು ಏಳುತ್ತದೆಂದು ಬಲ್ಲವರೇ ತಾವು. ಕೇಕಿನ ಲೋಕದಲ್ಲಿ ಇದೇನು ಹೊಸ ಮಾತೂ ಅಲ್ಲ. ಬರ್ಮಿಂಗ್‌ಹ್ಯಾಮಿನ ಔಷಧ ವ್ಯಾಪಾರಿ ಆಲ್‌ಫ್ರೆಡ್ ಬರ್ಡ್ ತನ್ನ ಹೆಂಡತಿಗೆ ತತ್ತಿ ಆಗಿಬರುವುದಿಲ್ಲವೆಂದು 1837ರಲ್ಲಿ ತತ್ತಿ ಬೇಡದ ಕಸ್ಟರ್ಡ್ ಪುಡಿ ಮಾಡಿದ. ಯೀಸ್ಟೂ ಒಗ್ಗದೆಂದು 1843ರಲ್ಲಿ ಬೇಕಿಂಗ್ ಪೌಡರ್ ಮಾಡಿದ. ತಾವು ಪುಟಪುಟಕ್ಕೂ ಎರಡು ಚಮಚ ಹಾಕಿಸುವ ಆ ಪುಡಿಯ ಹಿಂದೆ ಇರುವುದೇ ಒಬ್ಬಳ ಪಥ್ಯ. ನಮ್ಮ ಪಥ್ಯಕ್ಕೆ ಮಾತ್ರ ತಮ್ಮಲ್ಲಿ ಸಿಕ್ಕ ಹೆಸರು ದಾರಿದ್ರ್ಯ. ತತ್ತಿ ಸಿಗದೆ ಬಿಟ್ಟವರಲ್ಲ ನಾವು, ಅಂಗಡಿಯಲ್ಲಿ ಡಜನ್‌ಗಟ್ಟಲೆ ಇಟ್ಟಿದ್ದರೂ ಬಿಟ್ಟವರು. ಸಿಗದವರ ಸಾಲಿನಲ್ಲಿ ನಮ್ಮನ್ನು ಕೂರಿಸಿ ಕರುಣೆ ತೋರಿಸಿದ್ದು ತಮ್ಮ ದೊಡ್ಡ ಗುಣ, ಆ ಕರುಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಕಾಲು ಹಿಡಿದು ಬೇಡುತ್ತೇನೆ.

ಬೇಡಿಕೆ ಇನ್ನೂ ಕೆಲವಿವೆ, ಪ್ರಭುಗಳು ಮನ್ನಿಸಬೇಕು. ಮುಂದಿನ ಮುದ್ರಣದಲ್ಲಿ ಆ ಕೊನೆಯ ಪುಟವನ್ನು ಎತ್ತಿ ಮೊದಲ ಅಧ್ಯಾಯಕ್ಕೆ ತನ್ನಿ, ಚಿತ್ರ ಹಾಕಿಸಿ, ಕಷ್ಟಕಾಲ ಎಂಬ ಮಾತು ಅಳಿಸಿ. ಕಪ್ಪು ಬಿಟ್ಟು ಗ್ರಾಮಿನಲ್ಲಿ ಹೇಳಿ. ಕೋಕೋ ಯಾವ ಜಾತಿಯದೆಂದು ಬರೆಯಿರಿ. ಕರೆಂಟು ಹೋದರೆ ಏನು ಮಾಡಬೇಕೆಂದು ಒಂದು ಸಾಲು ಇರಲಿ. ಇದಿಷ್ಟೂ ಆಗದಿದ್ದರೆ ಬೆಲೆಯನ್ನಾದರೂ ಇಳಿಸಿ. ನಮಗೆ ಉಪಯೋಗಕ್ಕೆ ಬಂದದ್ದು ಒಂದೇ ಪುಟ.

ಇಂತಿ ತಮ್ಮ ಚರಣಸೇವಕಿ,
ಭೋಜದ ಒಬ್ಬ ಸೊಸೆ

ತಾ.ಕ.: ಈ ಪತ್ರ ಓದಿದವರು ಪುಸ್ತಕ ಕೊಳ್ಳುವ ಮುನ್ನ ಇದನ್ನು ಬರೆದಿಟ್ಟುಕೊಳ್ಳಿರಿ. ಮೈದಾ 190 ಗ್ರಾಂ, ಸಕ್ಕರೆ 200 ಗ್ರಾಂ, ಕೋಕೋ 3 ದೊಡ್ಡ ಚಮಚ, ಅಡುಗೆ ಸೋಡಾ 1 ಸಣ್ಣ ಚಮಚ, ಉಪ್ಪು ಅರ್ಧ ಸಣ್ಣ ಚಮಚ. ಇವನ್ನು ಸಾಣಿಸಿ, ವಾಸನೆಯಿಲ್ಲದ ಎಣ್ಣೆ 80 ಮಿ.ಲೀ., ನೀರು 240 ಮಿ.ಲೀ. ಸೇರಿಸಿ ಕಲಸಿರಿ. ಕಡೆಗೆ 1 ದೊಡ್ಡ ಚಮಚ ವಿನೆಗರ್, ಅದನ್ನು ಒಲ್ಲದವರು ಅಷ್ಟೇ ಲಿಂಬಿರಸ ಹಾಕಿ, ತಡಮಾಡದೆ ಮೇಲೆ ಹೇಳಿದಂತೆ ಕುಕ್ಕರಿನಲ್ಲಿಟ್ಟು ಒಲೆಗೆ ಏರಿಸಿರಿ. ಮಧ್ಯಾಹ್ನ ಮೂರಕ್ಕೆ ಶುರು ಮಾಡಿದರೆ ಹೊತ್ತು ಮುಳುಗುವುದರೊಳಗೆ ಎಲ್ಲರೂ ತಿನ್ನಬಹುದು.