ಎಲ್ಲ ‘ಇಲ್ಲ’ವೂ ಓಕೆ!

ಗಾಂಧಿನಗರದವರಿಗೆ ಮಲೆನಾಡು ನೆನಪಾಗುವುದು ಕಥೆ ಸಿಕ್ಕಾಗ ಅಲ್ಲ, ಕಥೆ ಸಿಗದೇ ಹೋದಾಗ. ನಾಯಕನಿಗೆ ಕುಣಿಯಲು ಜಾಗ ಬೇಕು, ಖಳನಾಯಕನಿಗೆ ಅಡಗಲು ಕಮರಿ ಬೇಕು, ಇಬ್ಬರ ಬೆನ್ನ ಹಿಂದೆಯೂ ನೀರು ಧುಮುಕುತ್ತಿರಬೇಕು. ಸರಿ, ಒಂದು ಇನ್ನೋವಾ ಕೊಪ್ಪ ದಾಟಿ, ಶೃಂಗೇರಿಯಲ್ಲಿ ಶಾರದಾಂಬೆಗೆ ಕೈಮುಗಿದು, ಕಿಗ್ಗದ ದಾರಿ ಹಿಡಿಯುತ್ತದೆ.

ಸಿರಿಮನೆ ಅಬ್ಬಿ ಅವರಿಗೆ ಬೇಡ. ಅಲ್ಲಿ ಮೆಟ್ಟಿಲಿದೆ, ಟಿಕೆಟ್ಟಿದೆ, ಸೆಲ್ಫಿ ತೆಗೆಯುವವರಿದ್ದಾರೆ. “ಯಾರೂ ನೋಡದೇ ಇರೋದು ತೋರಿಸಿ ಯಜಮಾನ್ರೆ” ಎಂದು ತೋಟದಲ್ಲಿ ಅಡಿಕೆ ಹೆಕ್ಕುತ್ತಿದ್ದವರನ್ನು ಹಿಡಿಯುತ್ತಾರೆ. ಅಲ್ಲಿಗೆ ಸಂದರ್ಶನ ಶುರು.

“ಮೊಬೈಲ್ ಟವರ್ ಇದೆಯಾ?”

“ಇಲ್ಲ ಮಾರಾಯ್ರೆ. ಸಿಗ್ನಲ್ ಬೇಕಾದ್ರೆ ಗುಡ್ಡ ಹತ್ತಬೇಕು.”

“ಸೂಪರ್! ಕರೆಂಟು?”

“ಕಂಬ ಉಂಟು. ಕರೆಂಟಿಲ್ಲ.”

“ಕಂಬ ಗ್ರಾಫಿಕ್ಸಲ್ಲಿ ಅಳಿಸ್ತೀವಿ ಬಿಡಿ. ರಸ್ತೆ?”

“ಅಪ್ಪನ ಕಾಲದಿಂದ ಅರ್ಜಿ ಕೊಡ್ತಾ ಇದ್ದೀವಿ.”

“ಅಯ್ಯೋ, ಶೂಟಿಂಗ್ ಮುಗಿಯೋವರೆಗೆ ದಯವಿಟ್ಟು ಮಾಡಿಸ್ಬೇಡಿ!”

ಮುಂದೆ ಹಳ್ಳಕ್ಕೆ ಅಡ್ಡಲಾಗಿ ಅಡಿಕೆ ಮರದ ಕಾಲುಸಂಕ. ನಾಲ್ಕು ದಬ್ಬೆ, ಕೈ ಹಿಡಿಯಲು ಒಂದು ಬಳ್ಳಿ, ಮೇಲೆಲ್ಲ ಪಾಚಿ. ಕಲಾ ನಿರ್ದೇಶಕರ ಗಂಟಲು ಕಟ್ಟಿತು: “ಲಕ್ಷ ಸುರಿದು ಸೆಟ್ ಹಾಕಿದ್ರೂ ಈ ಫೀಲ್ ಬರಲ್ಲ.” ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಬಳ್ಳಿ ಹಿಡಿದು ಶಾಲೆಗೆ ಹೋಗುವ ಮಕ್ಕಳಿಗೆ ಬರುವ ಫೀಲೇ ಬೇರೆ. ಅದಕ್ಕೆ ಹಿನ್ನೆಲೆ ಸಂಗೀತವೂ ಇಲ್ಲ, ಡ್ಯೂಪೂ ಇಲ್ಲ.

ಚಿತ್ರೀಕರಣ ಮಾತ್ರ ಬೇಸಿಗೆಯಲ್ಲಿ. ಮಳೆಯಲ್ಲಿ ಕ್ಯಾಮೆರಾ ಕೆಡುತ್ತದೆ, ನಾಯಕಿಗೆ ಉಂಬಳ ಹತ್ತುತ್ತದೆ. ಆದರೆ ಹಾಡು ಮಳೆಯ ಹಾಡು! ಬರ ಬಿದ್ದಾಗ ಮಂತ್ರಿಗಳೇ ಬಂದು ಪೂಜೆ ಮಾಡಿಸುವ ಮಳೆದೇವರು ಕಿಗ್ಗದ ಋಷ್ಯಶೃಂಗ. ಅಂಥವನ ಬಾಗಿಲಿಗೆ ಟ್ಯಾಂಕರಿನಲ್ಲಿ ಮಳೆ ತರುವ ಧೈರ್ಯ ಸಿನಿಮಾದವರಿಗಲ್ಲದೆ ಇನ್ಯಾರಿಗಿದೆ?

ಇನ್ನು ಕಾನೂನು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿ ಪಕ್ಕದಲ್ಲೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಪ್ರಾಣಿಗಳ ನೆಲೆಯನ್ನು ಬದಲಿಸದೆ, ಅವಕ್ಕೆ ತೊಂದರೆ ಕೊಡದೆ ಚಿತ್ರೀಕರಣ ಮಾಡುವುದಾದರೆ ಅನುಮತಿ ಸಿಗುತ್ತದೆ. ಮ್ಯಾನೇಜರ್ ತಲೆಯಾಡಿಸಿದರು: “ಏನೂ ಬದಲಿಸಲ್ಲ ಸಾರ್. ಆ ಮರ ಒಂದಿಲ್ಲದಿದ್ರೆ ಫ್ರೇಮ್ ಕ್ಲೀನ್ ಆಗುತ್ತೆ, ಅಷ್ಟೇ.” ಇಲ್ಲಿ ಅನುಮತಿ ಸಿಗದಿದ್ದರೆ ನರಸಿಂಹರಾಜಪುರ ಇದ್ದೇ ಇದೆ. ಜನ ಗದ್ದೆ-ಮನೆ ಮುಳುಗಿಸಿಕೊಂಡ ಭದ್ರಾ ಹಿನ್ನೀರಿಗೆ ‘ಫಾರಿನ್ ಲುಕ್’ ಇದೆಯಂತೆ.

ಇಷ್ಟೆಲ್ಲ ಕೇಳಿದವರು ಅಬ್ಬಿಯ ಕೆಳಗಿನ ಗುಂಡಿಯ ಆಳ ಎಷ್ಟು, ಸುಳಿ ಎಲ್ಲಿದೆ ಎಂದು ಕೇಳಲಿಲ್ಲ. 2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದ ಇಬ್ಬರು ನಟರು ಜೀವಂತ ಮೇಲೆ ಬರಲಿಲ್ಲ. ನೀರಿಗೆ ‘ಕಟ್’ ಎಂದರೆ ಅರ್ಥವಾಗುವುದಿಲ್ಲ.

ಸಿನಿಮಾ ಬಿಡುಗಡೆಯಾದರೆ ನಮ್ಮ ಕಮರಿ ಪರದೆಯ ಮೇಲೆ ಅಮೆಜಾನ್ ಕಾಡಾಗಿರುತ್ತದೆ. ಊರಿನ ಹೆಸರು ಟೈಟಲ್ ಕಾರ್ಡಿನಲ್ಲೂ ಇರುವುದಿಲ್ಲ. ಅಕಸ್ಮಾತ್ ಇದ್ದರೆ ಮುಂದಿನ ಭಾನುವಾರವೇ ನೂರು ಕಾರು, ಬಂಡೆಯ ಮೇಲೆ ಬಿಯರ್ ಬಾಟಲಿಯ ಚೂರು.

ಬನ್ನಿ, ಬೇಡವೆನ್ನುವವರು ನಾವಲ್ಲ. ಜುಲೈನಲ್ಲೇ ಬನ್ನಿ. ನಿಮ್ಮ ಜನರೇಟರನ್ನು ಅದೇ ಸಂಕದ ಮೇಲೆ ಹೊರಿಸಿಕೊಂಡು ದಾಟಿ. ದಾಟಲಾಗದಿದ್ದರೆ ನಮ್ಮ ಅರ್ಜಿಯ ಕೆಳಗೆ ನಿಮ್ಮ ಹೀರೋ ಕೈಯಲ್ಲಿ ಒಂದು ಸಹಿ ಹಾಕಿಸಿಕೊಡಿ. ಊರವರ ಹೆಬ್ಬೆಟ್ಟಿಗೆ ಅಲುಗಾಡದ ಕಡತ ಆಟೋಗ್ರಾಫಿಗೆ ಖಂಡಿತ ಅಲುಗಾಡುತ್ತದೆ.