ಖಾಲಿ ಸಂಚಿಯ ಮೀಮಾಂಸೆ

ಶಾಸ್ತ್ರಾರಂಭದಲ್ಲಿ ಅನುಬಂಧಚತುಷ್ಟಯವನ್ನು ಹೇಳದೆ ಮುಂದುವರಿಯುವುದು ಅಶಿಷ್ಟವಾದುದರಿಂದ ಅದನ್ನು ಮೊದಲೇ ಮುಗಿಸಿಬಿಡುತ್ತೇನೆ. ಫಂಕ್ಷನ್ನಿಗೆ ಕೊಟ್ಟರೆ ಕೊಡಬಹುದಾದ, ಕೊಡದಿದ್ದರೂ ನಡೆಯತಕ್ಕ ಲಿಸ್ಟಿನ ಡೀಫಾಲ್ಟು ಏನಾಗಿರಬೇಕೆಂಬುದು ವಿಷಯ, ಬೆಳಿಗ್ಗೆ ಸರಿಯಾಗಿ ನಡೆದ ಪ್ರೋಗ್ರಾಮು ಒಂದಕ್ಷರವನ್ನೂ ತಿದ್ದದಿರುವಾಗ ಮಧ್ಯಾಹ್ನಕ್ಕೆ ಸುಳ್ಳಾಡತೊಡಗಿದುದನ್ನು ಕಂಡು ನಿದ್ದೆಗೆಟ್ಟವನೇ ಅಧಿಕಾರಿ, ನಿದ್ದೆಯೇ ಪ್ರಯೋಜನ, ಸಂಬಂಧವನ್ನು ವಾಚಕರು ಊಹಿಸಿಕೊಳ್ಳಬಹುದು.

2008ರಲ್ಲಿ ಪೈಥಾನಿನ ಮೂರನೆಯ ಆವೃತ್ತಿ ಬಂದಂದಿನಿಂದ ಫಂಕ್ಷನ್ನುಗಳಿಗೆ ಕನ್ನಡ ಲಿಪಿಯಲ್ಲಿಯೇ ನಾಮಕರಣ ಮಾಡಲು ಅಡ್ಡಿಯಿಲ್ಲವಾಗಿ, 'ಕುಂಸಿ' ಎಂಬ ಹೆಸರಿನದೊಂದನ್ನು ಕಲ್ಪಿಸಿಕೊಳ್ಳೋಣ. ಶಿವಮೊಗ್ಗೆಯಿಂದ ತಾಳಗುಪ್ಪದ ಕಡೆಗೆ ಹೊರಟ ರೈಲು ಅರಸಾಳನ್ನು ಮುಟ್ಟುವ ಮುನ್ನ ಕುಂಸಿಯಲ್ಲಿ ಇಳಿದವನ ಹೆಸರನ್ನು ಒಂದು ಲಿಸ್ಟಿನ ತುದಿಗೆ ಸೇರಿಸಿ ಹಿಂದಿರುಗಿಸುವುದು ಇದರ ಧರ್ಮ. ಲಿಸ್ಟನ್ನು ಯಾರೂ ಕೊಡದ ಪಕ್ಷದಲ್ಲಿ ಖಾಲಿ ಲಿಸ್ಟಿನಿಂದ ತೊಡಗತಕ್ಕದ್ದೆಂದು ಮೊದಲ ಸಾಲಿನಲ್ಲಿಯೇ ವಿಧಿಯುಂಟು. ರಾಮನು ಇಳಿದನೆಂದು ಕರೆದರೆ, ರಾಮನೊಬ್ಬನೇ ಇರುವ ಲಿಸ್ಟು ಬರುತ್ತದೆ. ಸಾಧು. ಬಳಿಕ ಭೀಮನು ಇಳಿದನೆಂದು ಕರೆದರೆ, ಬರುವ ಲಿಸ್ಟಿನಲ್ಲಿ ರಾಮನೂ ಇದ್ದಾನೆ, ಭೀಮನೂ ಇದ್ದಾನೆ. ರಾಮನಾದರೋ ಆಯನೂರಿನ ಬಸ್ಸು ಹತ್ತಿ ಎಷ್ಟೋ ಹೊತ್ತಾಗಿದೆ.

ಇದನ್ನು ಭೂತಚೇಷ್ಟೆಯೆಂದು ಬಗೆಯುವ ಪೂರ್ವಪಕ್ಷಿಗಳು ಕೆಲವರಿದ್ದಾರೆ. ಅವರು ಕಂಪ್ಯೂಟರನ್ನು ಒಮ್ಮೆ ಆರಿಸಿ ಹೊತ್ತಿಸಿ ಶಾಂತಿ ಮಾಡುತ್ತಾರೆ, ಅದರಿಂದ ತತ್ಕಾಲಕ್ಕೆ ಫಲವೂ ದೊರೆಯುವುದರಿಂದ ಅವರನ್ನು ಖಂಡಿಸುವುದು ಕಷ್ಟ. ವಸ್ತುಸ್ಥಿತಿಯು ಬೇರೆ. ಪೈಥಾನು ಆ ಖಾಲಿ ಲಿಸ್ಟನ್ನು ನಿರ್ಮಿಸುವುದು ಫಂಕ್ಷನ್ನಿನ ವಿಧಿವಾಕ್ಯವನ್ನು ಓದುವ ಕಾಲದಲ್ಲಿ, ಅದೂ ಒಂದೇ ಸಲ. ಅನಂತರ ಲಿಸ್ಟನ್ನು ತಾರದೆ ಕರೆದವರೆಲ್ಲರಿಗೂ ಆ ಒಂದನ್ನೇ ಒಡ್ಡುತ್ತದೆ. ಕರೆದಾಗಲೆಲ್ಲ ಹೊಸತನ್ನು ನಿರ್ಮಿಸುವ ಆಚಾರವು ರೂಬಿಯಲ್ಲಿಯೂ ಜಾವಾಸ್ಕ್ರಿಪ್ಟಿನಲ್ಲಿಯೂ ಉಂಟು. ಆದಕಾರಣ ಪೈಥಾನಿನ ವೃದ್ಧರು ಡೀಫಾಲ್ಟಿನ ಸ್ಥಾನದಲ್ಲಿ 'ನನ್' ಎಂಬ ಶೂನ್ಯಸಂಜ್ಞೆಯನ್ನಿರಿಸಿ, ಒಳಗೆ ಹೊಕ್ಕ ಮೇಲೆ ಆ ಸಂಜ್ಞೆಯೇ ಬಂದಿದೆಯೋ ಎಂದು ಪರೀಕ್ಷಿಸಿ, ಬಂದಿದ್ದರೆ ಮಾತ್ರ ಹೊಸ ಲಿಸ್ಟನ್ನು ಕಟ್ಟಿಕೊಳ್ಳಬೇಕೆಂದು ವಿಧಿಸಿದ್ದಾರೆ.

ಇಷ್ಟರಲ್ಲಿ ವಾದವು ತೀರಬಹುದಾಗಿತ್ತು. ಆದರೆ ಅರ್ಧಮಾತ್ರೆ ಉಳಿದರೂ ಪುತ್ರೋತ್ಸವದಷ್ಟು ಹಿಗ್ಗುವ ಲಾಘವಪ್ರಿಯರು, ಎರಡು ಸಾಲಿನ ಪರೀಕ್ಷೆಯೇತಕ್ಕೆ, 'ಬಂದ ಲಿಸ್ಟು ಅಥವಾ ಹೊಸ ಲಿಸ್ಟು' ಎಂದು ಒಂದೇ ಸಾಲಿನಲ್ಲಿ ಬರೆದರಾಯಿತಲ್ಲ ಎನ್ನುತ್ತಾರೆ. ಇವರ ಅನರ್ಥವು ಮೊದಲಿನದಕ್ಕಿಂತ ಸೂಕ್ಷ್ಮವಾದುದು. ಏಕೆಂದರೆ ಪೈಥಾನಿನ ದೃಷ್ಟಿಯಲ್ಲಿ 'ನನ್' ಎಂತೋ ಖಾಲಿ ಲಿಸ್ಟೂ ಅಂತೆಯೇ ಮಿಥ್ಯೆ. ಕುಂಸಿಯ ಸುತ್ತಣ ಅಡಿಕೆ ಬೆಳೆಗಾರರ ಮನೆಗಳಲ್ಲಿ, ಎಲೆಸಂಚಿಯನ್ನೇ ತಾರದೆ ಬಂದ ನೆಂಟನನ್ನೂ ಖಾಲಿ ಸಂಚಿಯನ್ನು ತಂದ ನೆಂಟನನ್ನೂ ಯಾವ ಅಜ್ಜಿಯೂ ಒಂದೇ ಎಂದು ಭ್ರಮಿಸಳು. ಮೊದಲನೆಯವನ ಮುಂದೆ ಮನೆಯ ಹರಿವಾಣವನ್ನು ತೊಳೆದು ಎಲೆಯಡಿಕೆಯಿಟ್ಟರೆ ಸಾಕು. ಎರಡನೆಯವನು ತುಂಬಿಸಿಕೊಂಡು ಹೋಗಲೆಂದೇ ಬಂದವನು. ಲಾಘವಪ್ರಿಯರ ಮನೆಯಲ್ಲಾದರೆ ಸಂಚಿಯೊಳಗೆ ಇಣುಕಿ, ಖಾಲಿಯಾದುದರಿಂದ ಸಂಚಿಯೇ ಇಲ್ಲವೆಂದು ನಿರ್ಣಯಿಸಿ, ತಮ್ಮ ಹರಿವಾಣದಲ್ಲಿ ಧಾರಾಳವಾಗಿ ಹರಡುತ್ತಾರೆ. ನೆಂಟನು ಬರಿಯ ಸಂಚಿಯನ್ನು ಹೆಗಲಿಗೇರಿಸಿ ಹೊರಟು, ಏನನ್ನೂ ಕೊಡಲಿಲ್ಲವೆಂದು ಊರಲ್ಲಿ ಸಾರುತ್ತಾನೆ. ಅವನ ದೂರೂ ನಿಜ, ಇವರ ಔದಾರ್ಯವೂ ನಿಜ.

ನೈಯಾಯಿಕರು ಇದನ್ನು ಕೇಳಿದ್ದರೆ ನಗುತ್ತಿದ್ದರು. ಅಭಾವಕ್ಕೊಂದು ಅಧಿಕರಣ ಬೇಕೆಂಬುದು ಅವರಲ್ಲಿ ಮಾಣವಕನಿಗೂ ಗೊತ್ತು: ಗಡಿಗೆಯಿಲ್ಲವೆಂದರೆ ಎಲ್ಲಿ ಇಲ್ಲ, ನೆಲದ ಮೇಲೆ ಇಲ್ಲ. ಖಾಲಿ ಲಿಸ್ಟು ಆ ನೆಲ. ಅದು ಭಾವಪದಾರ್ಥವೇ ಹೊರತು ಅಭಾವವಲ್ಲ. 'ನನ್' ಎಂದಲ್ಲಿ ನೆಲವನ್ನೇ ಕೊಟ್ಟಿಲ್ಲ.

ಮತಾಂತರಗಳನ್ನು ಸಂಕ್ಷೇಪವಾಗಿ ಹೇಳುವುದಾದರೆ, ಡೀಫಾಲ್ಟೆಂಬುದನ್ನೇ ಒಪ್ಪದ ಜಾವಾ ಅದೇ ಹೆಸರಿನ ಫಂಕ್ಷನ್ನನ್ನು ಲಿಸ್ಟು ಸಹಿತವಾಗಿಯೂ ರಹಿತವಾಗಿಯೂ ಎರಡು ಸಲ ಬರೆಯಿಸುತ್ತದೆ, ಬರೆಯುವವನ ಕೈಯ ನೋವು ಅದಕ್ಕೆ ಪ್ರಮೇಯವಲ್ಲ. 2010ರಲ್ಲಿ ತನ್ನ ನಾಲ್ಕನೆಯ ಆವೃತ್ತಿಯಲ್ಲಿ ಡೀಫಾಲ್ಟನ್ನು ಅಂಗೀಕರಿಸಿದ ಸಿ ಶಾರ್ಪು, ಕಂಪೈಲ್ ಕಾಲದಲ್ಲಿಯೇ ಸ್ಥಿರಪಟ್ಟ ಮೌಲ್ಯವನ್ನಲ್ಲದೆ ಬೇರೊಂದನ್ನು ಒಲ್ಲದಾಗಿ, ಅರೇಯ ಪಾಲಿಗೆ ಶೂನ್ಯಸಂಜ್ಞೆಯೊಂದೇ ಗತಿಯಾಯಿತು. ಜಾವಾಸ್ಕ್ರಿಪ್ಟಿನದು ಸ್ವಾರಸ್ಯವಾದ ದರ್ಶನ. ಅಲ್ಲಿ 'ಅನ್‌ಡಿಫೈನ್ಡ್' ಎಂದೂ 'ನಲ್' ಎಂದೂ ಅಭಾವಗಳೇ ಎರಡು. 2015ರಲ್ಲಿ ಡೀಫಾಲ್ಟನ್ನು ತಂದಾಗ ಮೊದಲನೆಯದು ಬಂದರೆ ಡೀಫಾಲ್ಟು ಸಲ್ಲತಕ್ಕದ್ದೆಂದೂ ಎರಡನೆಯದು ಬಂದರೆ ಅದನ್ನೇ ಇದ್ದಂತೆ ಒಳಗೆ ಬಿಟ್ಟುಕೊಳ್ಳತಕ್ಕದ್ದೆಂದೂ ನಿಯಮವಾಯಿತು. ಅಭಾವವು ಚತುರ್ವಿಧವೆಂದು ಸಾಧಿಸಿರುವ ತಾರ್ಕಿಕರು ಉಳಿದೆರಡನ್ನು ಆ ಭಾಷೆಯ ಮುಂದಿನ ಆವೃತ್ತಿಗಳಲ್ಲಿ ಎದುರುನೋಡುತ್ತಿದ್ದಾರೆ.