ಅಲ್ಪಮೂಲ್ಯ ರೌಟರಿನ ಶಾಸನಮೀಮಾಂಸೆ

ಗುತ್ತಲದ ಪೇಟೆಯಲ್ಲಿ ಅಗ್ಗಕ್ಕೆ ದೊರೆಯುವ ವೈಫೈ ರೌಟರಿಗೂ, ಅದೇ ಊರನ್ನು ಗುತ್ತವೊಳಲೆಂಬ ಹೆಸರಿನ ರಾಜಧಾನಿಯನ್ನಾಗಿ ಮಾಡಿಕೊಂಡು ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ಆಳಿದ ಗುತ್ತ ವಂಶಕ್ಕೂ ಯಾವ ಸಂಬಂಧವೂ ಇಲ್ಲವೆಂದು ಲೋಕವು ನಂಬಿಕೊಂಡು ಬಂದಿರುವುದಕ್ಕೆ, ಶಾಸನಗಳನ್ನು ಬಲ್ಲವರು ರೌಟರನ್ನು ಬಿಚ್ಚದಿರುವುದೂ, ರೌಟರನ್ನು ಬಿಚ್ಚಬಲ್ಲವರು ಶಾಸನಗಳನ್ನು ಓದದಿರುವುದೂ ಕಾರಣವೇ ಹೊರತು ಅನ್ಯವಿಲ್ಲ. ಈ ಉಭಯಪಕ್ಷದ ಅಜ್ಞಾನವನ್ನು ನಿವಾರಿಸುವುದೇ ಪ್ರಕೃತ ಪ್ರಬಂಧದ ಪ್ರಯೋಜನ.

ಪೂರ್ವಕಥೆಯು ಸಂಕ್ಷಿಪ್ತವಾದುದು. 2002ರ ಅಂತ್ಯದಲ್ಲಿ ಲಿಂಕ್ಸಿಸ್ ಕಂಪನಿಯು ಮಾರಾಟಕ್ಕೆ ತಂದ ಡಬ್ಲ್ಯೂಆರ್‌ಟಿ54ಜಿ ಎಂಬ ರೌಟರಿನ ಗರ್ಭದಲ್ಲಿ ಲಿನಕ್ಸ್ ಇರುವುದನ್ನು ಕುತೂಹಲಿಗಳು ಕಂಡುಹಿಡಿದು, ಜಿಪಿಎಲ್ ಪರವಾನಗಿಯ ನಿಯಮದಂತೆ ಮೂಲಸಂಕೇತವನ್ನು ಬಹಿರಂಗಪಡಿಸಬೇಕೆಂದು ಪಟ್ಟುಹಿಡಿದ ಫಲವಾಗಿ ಮರುವರ್ಷ ಅದು ಪ್ರಕಟವಾಯಿತು; ಅದರ ತಳಹದಿಯ ಮೇಲೆ 2004ರಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ಫರ್ಮ್‌ವೇರಿನ ಸಂಪ್ರದಾಯವು ಪ್ರವರ್ತಿಸಿತು. ಆ ಸಂಪ್ರದಾಯದವರು ತಮ್ಮ ಮೊದಮೊದಲ ಆವೃತ್ತಿಗಳಿಗೆ ಮದ್ಯಮಿಶ್ರಣಗಳ ಹೆಸರನ್ನಿಟ್ಟರೆಂಬ ಸಂಗತಿಯನ್ನು, ಮಡಿವಂತ ವಾಚಕರ ಮೇಲಣ ಗೌರವದಿಂದ, ಇಲ್ಲಿ ವಿಸ್ತರಿಸುವುದಿಲ್ಲ.

ಅಗ್ಗದ ರೌಟರಿನ ಬಾಹ್ಯಲಕ್ಷಣವೆಂದರೆ ಆಂಟೆನಾಬಾಹುಳ್ಯ. ನೆರೆಯ ಬ್ಯಾಡಗಿಯ ಮೆಣಸಿನಕಾಯಿಯಂತೆ ಇದಕ್ಕೂ ಬಣ್ಣ ಹೆಚ್ಚು, ಖಾರ ಕಡಮೆ. ಆದರೆ ಮೆಣಸಿನಕಾಯಿಗೆ ಅದೇ ಗುಣವೆನಿಸಿ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಲಭಿಸಿತು, ರೌಟರಿಗೆ ಆ ಭಾಗ್ಯವಿಲ್ಲ. ಮುಚ್ಚಳವನ್ನು ತೆಗೆದರೆ ಹಸುರು ಫಲಕದ ಮೇಲೆ ಸಾಲಾಗಿ ಮೂರೋ ನಾಲ್ಕೋ ಸೂಕ್ಷ್ಮರಂಧ್ರಗಳು ಗೋಚರಿಸುವುವು. ಗ್ರೌಂಡ್, ಟಿಎಕ್ಸ್, ಆರ್‌ಎಕ್ಸ್ ಎಂಬ ಮೂರಕ್ಕೆ ಮಾತ್ರ ತಂತಿಯನ್ನು ಬೆಸೆದು, ವಿದ್ಯುತ್ತಿನ ರಂಧ್ರವನ್ನು ಮುಟ್ಟದೆ ಬಿಟ್ಟು, 3.3 ವೋಲ್ಟಿನ ಯುಎಸ್‌ಬಿ ಸೀರಿಯಲ್ ಅಡಾಪ್ಟರಿನ ಮೂಲಕ ಕಂಪ್ಯೂಟರಿಗೆ ಜೋಡಿಸಿದ ಬಳಿಕ, ಬಹುಮಟ್ಟಿಗೆ 115200 ಬಾಡ್ ವೇಗದಲ್ಲಿ, ಪೆಟ್ಟಿಗೆಯು ತನ್ನ ಜಾತಕವನ್ನು ತಾನೇ ಒದರತೊಡಗುವುದು. ವೇಗವನ್ನು ತಪ್ಪಾಗಿ ಆರಿಸಿದಲ್ಲಿ ತೆರೆಯ ಮೇಲೆ ಮೂಡುವ ವಿಕೃತಾಕ್ಷರಗಳನ್ನು ಅಜ್ಞಾತಲಿಪಿಯೆಂದು ಭ್ರಮಿಸಿ ಅದರ ಮೇಲೆ ಪಿಎಚ್‌.ಡಿ.ಗೆ ನೋಂದಾಯಿಸಿಕೊಳ್ಳುವ ಅಪಾಯವಿರುವುದರಿಂದ ವಿದ್ವಾಂಸರು ಎಚ್ಚರಿಕೆಯಿಂದಿರತಕ್ಕದ್ದು.

ಇನ್ನು ಮುಖ್ಯ ಪ್ರಮೇಯ. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಹೊಸ ರೌಟರಿಗೆ ಬೆಂಬಲವನ್ನು ಸೇರಿಸುವುದೆಂದರೆ, ಮುಖ್ಯವಾಗಿ, ಯಂತ್ರದ ಅಂಗಾಂಗಗಳನ್ನು ಲಿನಕ್ಸಿಗೆ ವರ್ಣಿಸಿ ತಿಳಿಸುವ ಡಿವೈಸ್ ಟ್ರೀ ಎಂಬ ಪಠ್ಯವೊಂದನ್ನು ರಚಿಸುವುದು. ಈ ಪಠ್ಯವು ತುಂಗಭದ್ರೆಯ ದಡದ ಚೌಡದಾನಪುರದಲ್ಲಿ ಮುಕ್ತೇಶ್ವರ ದೇವಾಲಯದ ಬಳಿ ಗುತ್ತರ ಕಾಲದಿಂದ ನಿಂತಿರುವಂಥ ದಾನಶಾಸನಗಳ ಅಂಗಾಂಗಗಳನ್ನೇ ಯಥಾವತ್ತಾಗಿ ಧರಿಸಿದೆಯೆಂಬುದು ನಮ್ಮ ಸಿದ್ಧಾಂತ. ಆರಂಭದಲ್ಲಿ ಮಂಗಲಪದ್ಯವಿರಬೇಕಾದೆಡೆ ಪರವಾನಗಿಯ ಒಂದು ಸಾಲು. ಅನಂತರ ಪ್ರೊಸೆಸರಿನ ಕುಲವನ್ನು ಸಾರುವ ವಂಶಾವಳಿ. ಅದಾದ ಮೇಲೆ ಸೀಮಾನಿರ್ಣಯ. ಮೀಡಿಯಾಟೆಕ್ ಚಿಪ್ಪಿನ ಅನೇಕ ಪೆಟ್ಟಿಗೆಗಳಲ್ಲಿ ಫ್ಲ್ಯಾಶಿನ ಮೊದಲ 192 ಕಿಲೋಬೈಟುಗಳು ಬೂಟ್‌ಲೋಡರಿಗೆ, ಅದರ ಮುಂದಿನ 64 ಬೂಟ್‌ಲೋಡರಿನ ಸೆಟ್ಟಿಂಗುಗಳಿಗೆ, ಮತ್ತೊಂದು 64 ಫ್ಯಾಕ್ಟರಿ ಎಂಬ ವಿಭಾಗಕ್ಕೆ, ಉಳಿದುದೆಲ್ಲ ಫರ್ಮ್‌ವೇರಿಗೆ ಸಲ್ಲುವುದು. ಫ್ಯಾಕ್ಟರಿ ವಿಭಾಗದಲ್ಲಿ ಆ ಒಂದು ಪೆಟ್ಟಿಗೆಗೆಂದೇ ಅಳೆದಿಟ್ಟ ರೇಡಿಯೋ ಹೊಂದಾಣಿಕೆಯ ಅಂಕಗಳೂ ಮ್ಯಾಕ್ ವಿಳಾಸವೂ ಇರುವುದರಿಂದ, ಅದು ಅಳಿದರೆ ನೆರೆಮನೆಯ ರೌಟರಿನಿಂದ ಕಡ ತರುವಂತಿಲ್ಲ. ಆದಕಾರಣ ಅದಕ್ಕೆ ‘ಓದಲು ಮಾತ್ರ’ ಎಂಬ ಕಟ್ಟಳೆ. ದತ್ತಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುವನೆಂಬ ಶಾಪಾಶಯದ ಸ್ಥಾನದಲ್ಲಿರುವುದು ಇದೇ. ಹಳೆಯ ಶಾಪಕ್ಕಿಂತ ಇದು ಹೆಚ್ಚು ಪರಿಣಾಮಕಾರಿಯೆಂದು ಒಪ್ಪಬೇಕಾಗುತ್ತದೆ. ಕೊನೆಯಲ್ಲಿ, ಲಿಪಿಕಾರನು ತನ್ನ ಹೆಸರನ್ನು ಕಂಡರಿಸಿದಂತೆ, ಪಠ್ಯದೊಡನೆ ಕಳುಹಿಸುವ ಸಂದೇಶದ ತುದಿಯಲ್ಲಿ ಕೋಡನ್ನು ಒಪ್ಪಿಸಿದವನ ಸಹಿ.

ಇಲ್ಲಿ ಪೂರ್ವಪಕ್ಷದವರು ಆಕ್ಷೇಪಿಸುವರು: ಇಷ್ಟೊಂದು ಶ್ರಮವೇಕೆ, ನೋಡಲು ಒಂದೇ ತೆರನಾಗಿರುವ ಮತ್ತೊಂದು ರೌಟರಿನ ಫರ್ಮ್‌ವೇರನ್ನು ಇದಕ್ಕೂ ತುಂಬಿದರಾಯಿತಲ್ಲವೆ? ಗುತ್ತ ಅರಸರು ಉಜ್ಜಯಿನಿಯ ಚಂದ್ರಗುಪ್ತನ ಕುಲದವರೆಂದೂ ಉಜ್ಜಯಿನೀಪುರವರಾಧೀಶ್ವರರೆಂದೂ ಹೇಳಿಕೊಂಡು, ಉಜ್ಜಯಿನಿಯನ್ನಾಳದೆಯೇ ಗುತ್ತಲವನ್ನು ಸುಖವಾಗಿ ಆಳಿದುದು ನಿಜ. ರೌಟರಿಗೆ ಈ ಸೌಲಭ್ಯವಿಲ್ಲ. ಕಲ್ಪಿತ ವಂಶವನ್ನು ಆರೋಪಿಸಿದರೆ ಮನೆಯೊಳಗಿನ ಜಾಲದ ಲ್ಯಾನ್ ಕಂಡಿಯು ಹೊರಜಾಲದ ವ್ಯಾನ್ ಆಗುವುದು, ದೀಪಗಳು ತಮ್ಮ ಪಾಡಿಗೆ ತಾವು ಮಿಣುಕುವುವು, ಇಲ್ಲವೆ ಇಡಿಯ ಯಂತ್ರವೇ ಇಟ್ಟಿಗೆಯಾಗುವುದು. ಆದ್ದರಿಂದಲೇ ಬಲ್ಲವರು ಮೊದಲು ಜಾಲದ ಮೇಲೆ ಕಡತ ಸಾಗಿಸುವ ಟಿಎಫ್‌ಟಿಪಿಯ ಮೂಲಕ ಫರ್ಮ್‌ವೇರನ್ನು ರ್‍ಯಾಮಿನಲ್ಲಿ ಮಾತ್ರ ಚಾಲನೆಗೊಳಿಸಿ, ಪ್ರತಿಯೊಂದು ಕಂಡಿಯನ್ನೂ ಗುಂಡಿಯನ್ನೂ ಪರೀಕ್ಷಿಸಿ, ಮೂಲ ಫ್ಲ್ಯಾಶಿನ ನಕಲನ್ನು ತೆಗೆದಿರಿಸಿಕೊಂಡು, ತದನಂತರವೇ ಫ್ಲ್ಯಾಶಿಗೆ ಬರೆಯುವರು. ಈ ಪರೀಕ್ಷೆಯನ್ನು ರಾಜವಂಶಗಳಿಗೂ ವಿಧಿಸಿದ್ದರೆ ನಮ್ಮ ಇತಿಹಾಸಗ್ರಂಥಗಳು ಬಹಳ ತೆಳ್ಳಗಾಗುತ್ತಿದ್ದುವು.

ಇಷ್ಟಾದರೂ ಎಲ್ಲ ಪೆಟ್ಟಿಗೆಗಳಿಗೂ ಮೋಕ್ಷವಿಲ್ಲ. 4 ಮೆಗಾಬೈಟ್ ಫ್ಲ್ಯಾಶ್, 32 ಮೆಗಾಬೈಟ್ ರ್‍ಯಾಮ್ ಉಳ್ಳ ದರಿದ್ರರಿಗೆ 2022ರಲ್ಲಿ ಬೆಂಬಲ ಮುಗಿದ ಓಪನ್‌ಡಬ್ಲ್ಯೂಆರ್‌ಟಿಯ 19.07ನೆಯ ಆವೃತ್ತಿಯೇ ಕಡೆಯದು. ಹೆಸರನ್ನು ನಂಬುವಂತೆಯೂ ಇಲ್ಲ: ಗುತ್ತರಲ್ಲಿ ವಿಕ್ರಮಾದಿತ್ಯರು ಹಲವರಿದ್ದಂತೆ ಡಬ್ಲ್ಯೂಆರ್‌ಟಿ54ಜಿಗಳೂ ಹಲವಿದ್ದು, 2005ರ ಐದನೆಯ ಆವೃತ್ತಿಯಲ್ಲಿ ಲಿನಕ್ಸನ್ನು ಕಿತ್ತು, ಫ್ಲ್ಯಾಶನ್ನು ನಾಲ್ಕರಿಂದ 2 ಮೆಗಾಬೈಟಿಗೂ ರ್‍ಯಾಮನ್ನು ಹದಿನಾರರಿಂದ 8 ಮೆಗಾಬೈಟಿಗೂ ಇಳಿಸಿದರು, ಹೊರಚಿಪ್ಪು ಮಾತ್ರ ಅದೇ. ಆದುದರಿಂದ ವಾಚಕ ಮಹಾಶಯರು ರೌಟರನ್ನು ಕೊಳ್ಳುವಾಗ ಆಂಟೆನಾಗಳನ್ನು ಎಣಿಸುವುದನ್ನು ಬಿಟ್ಟು, ಪೆಟ್ಟಿಗೆಯನ್ನು ಮಗುಚಿ, ತಳದ ಚೀಟಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಆವೃತ್ತಿಸಂಖ್ಯೆಯನ್ನು ಓದಬೇಕಾಗಿ ವಿಜ್ಞಾಪನೆ.